ಹೊಗಳಿಕೆಗೆ ಬೆಲೆ ಕಟ್ಟಿದ ಕಥೆ: ಸಾರ್ವಜನಿಕ ಕೆಲಸ, ಬ್ಲಾಕ್‌ಚೈನ್ ಶಿಫಾರಸು ಮತ್ತು ದುಡ್ಡು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತು ಒಂದು ಸಣ್ಣ ಪ್ರಶ್ನೆ ಇಟ್ಕೊಂಡು ಸ್ವಲ್ಪ ದೂರ ಹೋಗೋಣ. ಒಬ್ಬರು ಊರಿಗೆಲ್ಲ ಉಪಯೋಗ ಆಗೋ ಕೆಲಸ ಮಾಡಿದ್ದಾರೆ. ಅದಕ್ಕೆ ಯಾರ ಹತ್ರನೂ ದುಡ್ಡು ತಗೊಂಡಿಲ್ಲ. ಈಗ ಯಾರೋ ಮುಂದೆ ಬಂದು, ಅವರಿಗೆ ದುಡ್ಡು ಕೊಡ್ತೀವಿ ಅಂತಾರೆ. ಎಷ್ಟು ಕೊಡಬೇಕು? ಕೆಲಸದಿಂದ ಎಷ್ಟು ಉಪಯೋಗ ಆಗಿದೆ ಅಂತ ಯಾರನ್ನ ಕೇಳಬೇಕು? ಅವರು ಹೇಳಿದ್ದನ್ನ ಯಾಕೆ ನಂಬಬೇಕು?

ಕಳೆದ ಕೆಲವು ವರ್ಷಗಳಲ್ಲಿ ಈ ಪ್ರಶ್ನೆಗೆ ಬ್ಲಾಕ್‌ಚೈನ್ ಜಗತ್ತಿನಿಂದ ಒಂದು ಉತ್ತರ ಬಂದಿದೆ. ಕೆಲಸ ನೋಡಿದವರು, ಬಳಸಿದವರು ತಮ್ಮ ಡಿಜಿಟಲ್ ಸಹಿ ಹಾಕಿ 'ಇದು ಉಪಯೋಗ ಆಯ್ತು' ಅಂತ ಬರೆದುಕೊಡಲಿ. ಆ ಬರಹ ಯಾರೂ ಅಳಿಸೋಕೆ ಆಗದ ಲೆಡ್ಜರ್‌ನಲ್ಲಿ ಕೂರಲಿ. ಅಂಥ ಶಿಫಾರಸುಗಳನ್ನ ನೋಡಿ ದುಡ್ಡು ಹಂಚೋಣ. ಕೇಳೋಕೆ ಸರಳ. ಇದರ ಹಿಂದೆ ಮುನ್ನೂರು ವರ್ಷದ ಇತಿಹಾಸ ಇದೆ, ಮತ್ತು ಆ ಇತಿಹಾಸ ಒಂದೇ ಪಾಠವನ್ನ ಮತ್ತೆ ಮತ್ತೆ ಹೇಳುತ್ತೆ. ಅದೇನು ಅಂತ ನೋಡೋಣ ಬನ್ನಿ.

ಕೆಲಸ ಮೊದಲು, ಬಹುಮಾನ ಆಮೇಲೆ

1714. ಬ್ರಿಟನ್ ಸಂಸತ್ತು ಒಂದು ಕಾಯ್ದೆ ಮಾಡಿತು. ಸಮುದ್ರದ ಮಧ್ಯೆ ಹಡಗು ಯಾವ ರೇಖಾಂಶದಲ್ಲಿದೆ ಅಂತ ಅರ್ಧ ಡಿಗ್ರಿಯೊಳಗೆ ನಿಖರವಾಗಿ ಹೇಳೋ ವಿಧಾನ ಕಂಡುಹಿಡಿದವರಿಗೆ 20,000 ಪೌಂಡ್ ಬಹುಮಾನ. ಆ ಕಾಲಕ್ಕೆ ಇದು ಭಾರಿ ಮೊತ್ತ. ಗಮನಿಸಿ, ಈ ಬಹುಮಾನವನ್ನ ಮುಂಗಡವಾಗಿ ಕೊಡಲಿಲ್ಲ. ಮೊದಲು ಮಾಡಿ ತೋರಿಸಿ, ಆಮೇಲೆ ಬಹುಮಾನ.

ಜಾನ್ ಹ್ಯಾರಿಸನ್ ಅನ್ನೋ ಬಡಗಿ ಇದಕ್ಕೆ ಜೀವನವನ್ನೇ ಕೊಟ್ಟ. ಹಡಗಿನ ಅಲುಗಾಟಕ್ಕೂ ಹವಾಮಾನಕ್ಕೂ ಜಗ್ಗದ ಗಡಿಯಾರ ಮಾಡಿದ. ಅವನ ನಾಲ್ಕನೇ ಗಡಿಯಾರವನ್ನ 1761ರಲ್ಲಿ ಜಮೈಕಾ ಯಾನದಲ್ಲಿ ಪರೀಕ್ಷೆ ಮಾಡಿದರು, ಚೆನ್ನಾಗಿ ನಡೆಯಿತು. ಆದರೆ ತೀರ್ಪು ಕೊಡಬೇಕಾದ ಮಂಡಳಿ ಇನ್ನೊಂದು ಪರೀಕ್ಷೆ, ಇನ್ನೊಂದು ಷರತ್ತು ಅಂತ ಎಳೆಯುತ್ತಲೇ ಹೋಯಿತು. ಆ ಮಂಡಳಿಯಲ್ಲಿ ಖಗೋಳ ವಿಜ್ಞಾನಿ ನೆವಿಲ್ ಮ್ಯಾಸ್ಕಲೈನ್ ಕೂಡ ಇದ್ದರು. ಅವರಿಗೆ ಗಡಿಯಾರಕ್ಕಿಂತ ಚಂದ್ರನ ಸ್ಥಾನ ನೋಡಿ ಲೆಕ್ಕ ಹಾಕೋ ವಿಧಾನದ ಮೇಲೆ ಒಲವು. ಅಂದ್ರೆ ಪರೀಕ್ಷಕರೇ ಒಂದು ರೀತಿ ಎದುರಾಳಿ. ಹ್ಯಾರಿಸನ್‌ಗೆ 1765ರಲ್ಲಿ ಅರ್ಧ ಹಣ ಸಿಕ್ಕಿತು. ಕೊನೆಗೆ ರಾಜನವರೆಗೂ ದೂರು ಹೋಗಿ, 1773ರಲ್ಲಿ ಸಂಸತ್ತೇ 8,750 ಪೌಂಡ್ ಕೊಟ್ಟಿತು. ಅಷ್ಟೊತ್ತಿಗೆ ಅವನಿಗೆ 80 ವರ್ಷ.

ಕೆಲಸ ಆದಮೇಲೆ ದುಡ್ಡು ಕೊಡೋದು ಅಂದಾಗ ಎಲ್ಲ ಭಾರ ತೀರ್ಪುಗಾರರ ಮೇಲೆ ಬೀಳುತ್ತೆ. ಹ್ಯಾರಿಸನ್ ಕಥೆಯಲ್ಲಿ ಗಡಿಯಾರ ಸರಿಯಾಗೇ ಓಡಿತು. ತಕರಾರು ಬಂದದ್ದು ಅದನ್ನ ಅಳೆಯೋ ಕಡೆಯಲ್ಲಿ. ಈ ಮಾತು ನೆನಪಿಟ್ಟುಕೊಳ್ಳಿ.

ಎರಡು ಸಾವಿರ ಡಾಲರ್‌ನ ಬೀಗ

ಈಗ ನಮ್ಮ ಕಾಲಕ್ಕೆ ಬರೋಣ. 2014ರ ಏಪ್ರಿಲ್ 7ರಂದು 'ಹಾರ್ಟ್‌ಬ್ಲೀಡ್' ಅನ್ನೋ ದೋಷ ಬಹಿರಂಗವಾಯಿತು. ಬ್ಯಾಂಕ್ ವೆಬ್‌ಸೈಟ್ ತೆರೆದಾಗ ಮೇಲೆ ಬೀಗದ ಚಿಹ್ನೆ ಕಾಣುತ್ತಲ್ಲ, ಆ ಬೀಗದ ಹಿಂದೆ ಬಹಳ ಕಡೆ ಕೆಲಸ ಮಾಡುತ್ತಿದ್ದದ್ದು 'ಓಪನ್‌ಎಸ್‌ಎಸ್‌ಎಲ್' ಅನ್ನೋ ಉಚಿತ ಸಾಫ್ಟ್‌ವೇರ್. ದೋಷ ಇದ್ದದ್ದು ಅದರಲ್ಲೇ. ಲಕ್ಷಾಂತರ ಸರ್ವರ್‌ಗಳ ಪಾಸ್‌ವರ್ಡ್, ಗುಪ್ತ ಕೀಗಳು ಸೋರಿಹೋಗೋ ಸ್ಥಿತಿ.

ಆಮೇಲೆ ಹೊರಬಂದ ಲೆಕ್ಕ ಇನ್ನೂ ಗಾಬರಿ ಹುಟ್ಟಿಸುವಂಥದ್ದು. ಇಡೀ ಇಂಟರ್ನೆಟ್ ನೆಚ್ಚಿಕೊಂಡಿದ್ದ ಆ ಯೋಜನೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಜನ. ದೊಡ್ಡ ಕಂಪನಿಗಳು ಅದನ್ನ ಬಳಸಿ ಕೋಟ್ಯಂತರ ದುಡಿಯುತ್ತಿದ್ದವು, ಹೆಚ್ಚಿನವುಗಳಿಗೆ ದುಡ್ಡು ಕೊಡಬೇಕು ಅಂತ ಅನ್ನಿಸಿರಲಿಲ್ಲ.

ಅರ್ಥಶಾಸ್ತ್ರದಲ್ಲಿ ಇಂಥದ್ದನ್ನ ಸಾರ್ವಜನಿಕ ಸರಕು ಅಂತಾರೆ. ಬೀದಿದೀಪದ ಹಾಗೆ. ನೀವು ದುಡ್ಡು ಕೊಟ್ಟರೂ ಬೆಳಕು, ಕೊಡದಿದ್ದರೂ ಬೆಳಕು. ಒಬ್ಬರು ಬಳಸಿದರೆ ಇನ್ನೊಬ್ಬರಿಗೆ ಕಡಿಮೆ ಆಗಲ್ಲ. ಹಾಗಾಗಿ ಎಲ್ಲರಿಗೂ ಬೇಕು, ಕೊಡೋರು ಯಾರೂ ಇಲ್ಲ. ಬೀದಿದೀಪಕ್ಕಾದರೆ ಪಂಚಾಯಿತಿ ತೆರಿಗೆ ಹಾಕಬಹುದು. ಇಂಟರ್ನೆಟ್‌ಗೆ ಪಂಚಾಯಿತಿ ಇಲ್ಲ.

ನೂರು ಜನರ ಒಂದು ರೂಪಾಯಿ

2018ರಲ್ಲಿ ವಿಟಾಲಿಕ್ ಬ್ಯುಟೆರಿನ್, ಜೋಯಿ ಹಿಟ್ಜಿಗ್ ಮತ್ತು ಗ್ಲೆನ್ ವೈಲ್ ಒಂದು ಪ್ರಬಂಧ ಬರೆದರು. ಬ್ಯುಟೆರಿನ್ ಅಂದ್ರೆ ಇಥೀರಿಯಂ ಅನ್ನೋ ಬ್ಲಾಕ್‌ಚೈನ್ ಹುಟ್ಟುಹಾಕಿದವರಲ್ಲಿ ಮುಖ್ಯರು. ಅವರ ಸಲಹೆಗೆ 'ಕ್ವಾಡ್ರಾಟಿಕ್ ಫಂಡಿಂಗ್' ಅಂತ ಹೆಸರು. ಲೆಕ್ಕ ಹೀಗಿದೆ: ಪ್ರತಿ ದಾನಿಯ ಮೊತ್ತದ ವರ್ಗಮೂಲ ತೆಗೆಯಿರಿ, ಎಲ್ಲ ಕೂಡಿಸಿ, ಬಂದದ್ದನ್ನ ವರ್ಗ ಮಾಡಿ. ಒಬ್ಬ ಶ್ರೀಮಂತ 100 ರೂಪಾಯಿ ಕೊಟ್ಟರೆ ಫಲಿತಾಂಶ 100. ನೂರು ಜನ ಒಂದೊಂದು ರೂಪಾಯಿ ಕೊಟ್ಟರೆ? 100ರ ವರ್ಗ, ಅಂದ್ರೆ 10,000. ಸಾಮೂಹಿಕ ನಿಧಿಯಲ್ಲಿ ದುಡ್ಡು ಎಷ್ಟಿದೆಯೋ ಅದನ್ನ ಈ ಅನುಪಾತದಲ್ಲಿ ಹಂಚ್ತಾರೆ. ದುಡ್ಡಿನ ಗಾತ್ರಕ್ಕಿಂತ ತಲೆ ಎಣಿಕೆಗೆ ಬೆಲೆ.

2019ರ ಆರಂಭದಲ್ಲಿ 'ಗಿಟ್‌ಕಾಯಿನ್' ಅನ್ನೋ ವೇದಿಕೆ ಇದನ್ನ ಪ್ರಯೋಗ ಮಾಡಿತು. ಮೊದಲ ಸುತ್ತಿನ ನಿಧಿ 25,000 ಡಾಲರ್. ಆಮೇಲಿನ ಸುತ್ತುಗಳು ಬಹಳ ದೊಡ್ಡದಾದವು. ಜೊತೆಗೆ ತೊಂದರೆಯೂ ಬೆಳೆಯಿತು. ತಲೆ ಎಣಿಕೆಗೆ ಬೆಲೆ ಅಂದಕೂಡಲೇ ಸುಳ್ಳು ತಲೆಗಳು ಹುಟ್ಟಿಕೊಂಡವು. ಬ್ಲಾಕ್‌ಚೈನ್‌ನಲ್ಲಿ ಹೊಸ ವಾಲೆಟ್ ಮಾಡೋಕೆ ಒಂದು ನಿಮಿಷ ಸಾಕು, ಗುರುತಿನ ಚೀಟಿ ಕೇಳಲ್ಲ. ಒಬ್ಬನೇ ನೂರು ವಾಲೆಟ್ ಮಾಡಿ ನೂರು ಜನರ ಹಾಗೆ ನಟಿಸಬಹುದು. ಇದನ್ನ 'ಸಿಬಿಲ್ ದಾಳಿ' ಅಂತಾರೆ. ಸಾಲದ ಸಿಬಿಲ್ ಸ್ಕೋರ್‌ಗೂ ಇದಕ್ಕೂ ಸಂಬಂಧ ಇಲ್ಲ, ಹೆಸರು ಮಾತ್ರ ಹಾಗೆ ಕೇಳಿಸುತ್ತೆ. ಗಿಟ್‌ಕಾಯಿನ್ 2022ರಲ್ಲಿ 'ಪಾಸ್‌ಪೋರ್ಟ್' ಅನ್ನೋ ವ್ಯವಸ್ಥೆ ತಂದು, ನೀವು ನಿಜವಾದ ಮನುಷ್ಯರು ಅನ್ನೋದಕ್ಕೆ ಬೇರೆ ಬೇರೆ ಕಡೆಯಿಂದ ಮುದ್ರೆ ಸಂಗ್ರಹಿಸಿ ಅಂತ ಹೇಳಬೇಕಾಯಿತು.

ಮುಂದೇನಾಗುತ್ತೋ ಬೇಡ, ಏನಾಯ್ತು ಹೇಳಿ

2021ರ ಜುಲೈನಲ್ಲಿ ಬ್ಯುಟೆರಿನ್ ಮತ್ತು 'ಆಪ್ಟಿಮಿಸಂ' ತಂಡ ಇನ್ನೊಂದು ದಾರಿ ಮುಂದಿಟ್ಟರು. ಆಪ್ಟಿಮಿಸಂ ಏನು ಅಂತ ಒಂದೇ ಮಾತಲ್ಲಿ ಹೇಳಿಬಿಡ್ತೀನಿ: ಇಥೀರಿಯಂನಲ್ಲಿ ವಹಿವಾಟಿಗೆ ಆಗ ಶುಲ್ಕ ಜಾಸ್ತಿ ಇತ್ತು, ಹಾಗಾಗಿ ಬಹಳಷ್ಟು ವಹಿವಾಟುಗಳನ್ನ ಒಟ್ಟುಗೂಡಿಸಿ ಕಡಿಮೆ ಖರ್ಚಲ್ಲಿ ಸಾಗಿಸೋ ಮೇಲ್ಪದರ ಅದು. ಅವರ ವಾದ ಹೀಗಿತ್ತು: ಯಾವ ಕೆಲಸ ಮುಂದೆ ಉಪಯೋಗ ಆಗುತ್ತೆ ಅಂತ ಊಹಿಸೋದು ಕಷ್ಟ, ಯಾವುದು ಈಗಾಗಲೇ ಉಪಯೋಗ ಆಗಿದೆ ಅಂತ ಒಪ್ಪಿಕೊಳ್ಳೋದು ಸುಲಭ. ಹಾಗಾಗಿ ಕೆಲಸ ಆದಮೇಲೆ ದುಡ್ಡು ಕೊಡೋಣ. ಇದಕ್ಕೆ ಅವರು ಇಟ್ಟ ಹೆಸರಿನ ಸಂಕ್ಷಿಪ್ತ ರೂಪ 'ರೆಟ್ರೋಪಿಜಿಎಫ್'.

ರೇಖಾಂಶ ಬಹುಮಾನ ನೆನಪಾಯ್ತಲ್ಲ? ಹಳೆ ಯೋಚನೆಯೇ. ಮಧ್ಯದಲ್ಲಿ 2015ರಲ್ಲಿ ಪಾಲ್ ಕ್ರಿಸ್ಟಿಯಾನೋ ಮತ್ತು ಕಾಟ್ಯಾ ಗ್ರೇಸ್ ಕೂಡ, ಆಗಿಹೋದ ಒಳ್ಳೆ ಕೆಲಸದ 'ಪ್ರಮಾಣಪತ್ರ'ವನ್ನ ಕೊಂಡುಕೊಳ್ಳೋ ಒಂದು ಸಣ್ಣ ಪ್ರಯೋಗ ನಡೆಸಿದ್ದರು.

ಆಪ್ಟಿಮಿಸಂನ ಮೊದಲ ಸುತ್ತು 2021ರ ಕೊನೆಯಲ್ಲಿ ನಡೆಯಿತು. 22 ಮಂದಿ ತೀರ್ಪುಗಾರರು, 10 ಲಕ್ಷ ಡಾಲರ್, ಹಣ ಪಡೆದ ಯೋಜನೆಗಳು 58. ತೀರ್ಪುಗಾರರಿಗೆ 'ಬ್ಯಾಡ್ಜ್‌ಹೋಲ್ಡರ್' ಅಂತ ಹೆಸರು. 2022ರಲ್ಲಿ 'ಆಪ್' ಅನ್ನೋ ಟೋಕನ್ ಬಂದಾಗ ಆರಂಭಿಕ ಒಟ್ಟು ಸಂಖ್ಯೆಯ ಶೇ 20ರಷ್ಟನ್ನ ಇದಕ್ಕೇ ಮೀಸಲಿಟ್ಟರು. 2023ರ ಎರಡನೇ ಸುತ್ತಿನಲ್ಲಿ 195 ಯೋಜನೆಗಳಿಗೆ 1 ಕೋಟಿ ಟೋಕನ್ ಹೋಯಿತು.

ಮೂರನೇ ಸುತ್ತಿನ ಫಲಿತಾಂಶ 2024ರ ಜನವರಿಯಲ್ಲಿ ಬಂತು. 3 ಕೋಟಿ ಟೋಕನ್. ಆವತ್ತಿನ ದರದಲ್ಲಿ 10 ಕೋಟಿ ಡಾಲರ್‌ಗೂ ಹೆಚ್ಚು. 501 ಯೋಜನೆಗಳಿಗೆ ಹಣ ಸಿಕ್ಕಿತು. ಎರಡು ಸಾವಿರ ಡಾಲರ್ ದೇಣಿಗೆ ಬರುತ್ತಿದ್ದ ಓಪನ್‌ಎಸ್‌ಎಸ್‌ಎಲ್ ಕಾಲದಿಂದ ಹತ್ತೇ ವರ್ಷದಲ್ಲಿ ಇಲ್ಲಿಗೆ ಬಂದಿದ್ದೀವಿ. ಇದು ಸಣ್ಣ ಸಾಧನೆ ಅಲ್ಲ.

ಆದರೆ ಒಳಗೆ ಏನಾಯ್ತು ನೋಡಿ. ಮತದಾನಕ್ಕೆ ಬಂದ ಅರ್ಜಿಗಳು 600ಕ್ಕೂ ಹೆಚ್ಚು. ತೀರ್ಪುಗಾರರು 150ಕ್ಕಿಂತ ಕಡಿಮೆ. ಒಂದೊಂದು ಅರ್ಜಿಯಲ್ಲೂ ಅರ್ಜಿದಾರರೇ ಬರೆದುಕೊಂಡ ಸಾಧನೆಯ ಪಟ್ಟಿ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಸೆಲ್ಫ್ ಅಟೆಸ್ಟೇಶನ್. ಒಂದು ಯೋಜನೆ ಲೆಕ್ಕಕ್ಕೆ ಬರಬೇಕಾದರೆ ಕನಿಷ್ಠ 17 ಮತಪತ್ರದಲ್ಲಿ ಅದರ ಹೆಸರಿರಬೇಕಿತ್ತು. ಯಾರಿಗೆ ತಾನೇ ಆರು ನೂರು ಅರ್ಜಿ ಓದೋಕೆ ಪುರುಸೊತ್ತು? ಪರಿಚಯದ ಹೆಸರು ಕಂಡಕಡೆ ಕೈ ಹೋಗೋದು ಸಹಜ. ಕೆಲಸಕ್ಕಿಂತ ಹೆಸರಿಗೇ ಮಣೆ ಅನ್ನೋ ದೂರು ಎದ್ದಿತು. 'ನಿಮಗೆ ಗೊತ್ತಿಲ್ಲದಿದ್ದರೆ ಬಳಸಿದವರನ್ನೇ ಕೇಳಿ' ಅನ್ನೋ ಯೋಚನೆಗೆ ಬಲ ಬಂದದ್ದು ಇಲ್ಲಿ.

ಅಟೆಸ್ಟೇಶನ್ ಅಂದ್ರೆ ಏನು

ನಮ್ಮಲ್ಲಿ ಅಟೆಸ್ಟೇಶನ್ ಅಂದಕೂಡಲೇ ಮಾರ್ಕ್ಸ್ ಕಾರ್ಡ್ ಜೆರಾಕ್ಸ್ ಹಿಡ್ಕೊಂಡು ಗೆಜೆಟೆಡ್ ಆಫೀಸರ್ ಹುಡುಕೋದು ನೆನಪಾಗುತ್ತೆ. ಆ ಹಸಿರು ಇಂಕಿನ ಸಹಿ ನೀವು ಜಾಣರು ಅಂತ ಹೇಳಲ್ಲ. ಈ ಪ್ರತಿ ಮೂಲದ ಹಾಗೇ ಇದೆ ಅಂತ ಮಾತ್ರ ಹೇಳುತ್ತೆ. ಬ್ಲಾಕ್‌ಚೈನ್ ಅಟೆಸ್ಟೇಶನ್‌ಗೂ ಅಂಥದ್ದೇ ಒಂದು ಮಿತಿ ಇದೆ.

ಆಪ್ಟಿಮಿಸಂ ಮೊದಲು 'ಅಟೆಸ್ಟೇಶನ್‌ಸ್ಟೇಷನ್' ಅನ್ನೋ ಬಹಳ ಸರಳವಾದ ವ್ಯವಸ್ಥೆ ಮಾಡಿತ್ತು. ಯಾರು ಹೇಳಿದರು, ಯಾರ ಬಗ್ಗೆ, ಯಾವ ವಿಷಯ, ಏನು ಹೇಳಿದರು. ಅಷ್ಟೇ. ಆಮೇಲೆ 'ಇಥೀರಿಯಂ ಅಟೆಸ್ಟೇಶನ್ ಸರ್ವೀಸ್' ಬಂತು, ಚಿಕ್ಕದಾಗಿ ಇಎಎಸ್. ಅದರಲ್ಲಿ ಎರಡು ಭಾಗ. ಒಂದರಲ್ಲಿ ನಮೂನೆ ನೋಂದಾಯಿಸಬಹುದು, ಸರ್ಕಾರಿ ಕಚೇರಿಯ ಫಾರಂ ಇದ್ದ ಹಾಗೆ. ಇನ್ನೊಂದರಲ್ಲಿ ಆ ನಮೂನೆ ತುಂಬಿ ಸಹಿ ಹಾಕಬಹುದು. ಯಾರು ಬೇಕಾದರೂ ನಮೂನೆ ಮಾಡಬಹುದು, ಯಾರು ಬೇಕಾದರೂ ಯಾರ ಬಗ್ಗೆ ಬೇಕಾದರೂ ತುಂಬಬಹುದು. ನಮೂನೆಯಲ್ಲಿ ಅವಕಾಶ ಇದ್ದರೆ ಹೇಳಿಕೆಯನ್ನ ಹಿಂಪಡೆಯಲೂಬಹುದು. ಆದರೆ ಹಿಂಪಡೆದದ್ದೂ ದಾಖಲೆ ಆಗುತ್ತೆ.

ಇದರ ಮೇಲೆ ಹಲವು ಪ್ರಯೋಗ ನಡೆದವು. 'ಗಿವೆತ್' ಅನ್ನೋ ದೇಣಿಗೆ ವೇದಿಕೆಯವರು 2024ರಲ್ಲಿ 'ಡಿವೌಚ್' ಶುರು ಮಾಡಿದರು. ಒಂದು ಯೋಜನೆಯ ಪರವಾಗಿ ನೀವು ಖಾತರಿ ನಿಲ್ಲಬಹುದು, ಇಲ್ಲವೇ ಅನುಮಾನ ಅಂತ ಬಾವುಟ ಎತ್ತಬಹುದು. ನೀವು ಯಾವ ಗುಂಪಿನ ಸದಸ್ಯರು ಅನ್ನೋದೂ ಪಕ್ಕದಲ್ಲಿ ಕಾಣುತ್ತೆ. 'ಮೆಟ್ರಿಕ್ಸ್ ಗಾರ್ಡನ್' ಅನ್ನೋ ಇನ್ನೊಂದು ತಂಡ, ಈ ಸಾಫ್ಟ್‌ವೇರ್ ನಾಳೆಯಿಂದ ಇಲ್ಲ ಅಂದ್ರೆ ನಿಮಗೆ ಎಷ್ಟು ಬೇಜಾರಾಗುತ್ತೆ ಅನ್ನೋ ಥರದ ಪ್ರಶ್ನೆಯನ್ನ ಬಳಕೆದಾರರಿಗೆ ಕೇಳಿ, ಉತ್ತರವನ್ನ ಅಟೆಸ್ಟೇಶನ್ ಆಗಿ ದಾಖಲಿಸಿತು. ಪ್ರಶ್ನೆ ಚೆನ್ನಾಗಿದೆ. ಕರೆಂಟ್ ಹೋದಾಗಲೇ ಅಲ್ವಾ ಅದರ ಬೆಲೆ ಗೊತ್ತಾಗೋದು.

ಈಗ ಮಿತಿ ಏನು ಅಂತ ನೋಡಿ. ಈ ವಾಲೆಟ್‌ನಿಂದ, ಇಂಥ ದಿನ, ಇಂಥ ಮಾತು ಬಂದಿದೆ ಅನ್ನೋದನ್ನ ಬ್ಲಾಕ್‌ಚೈನ್ ಪಕ್ಕಾ ಹೇಳುತ್ತೆ. ಆ ಮಾತು ನಿಜವಾ? ಹೇಳಿದವರಿಗೆ ವಿಷಯ ಗೊತ್ತಿತ್ತಾ? ಆ ವಾಲೆಟ್ ಹಿಂದೆ ಒಬ್ಬರಿದ್ದಾರಾ, ಒಬ್ಬರದ್ದೇ ಐವತ್ತು ವಾಲೆಟ್‌ಗಳಲ್ಲಿ ಇದೂ ಒಂದಾ? ಇದ್ಯಾವುದೂ ಲೆಡ್ಜರ್‌ಗೆ ಗೊತ್ತಿಲ್ಲ.

ಬ್ಲಾಕ್‌ಚೈನ್‌ಗೂ ಮೊದಲಿನ ಖಾತರಿಗಳು

ಒಬ್ಬರಿಗೊಬ್ಬರು ಡಿಜಿಟಲ್ ಸಹಿ ಹಾಕಿಕೊಂಡು ನಂಬಿಕೆ ಕಟ್ಟೋ ಪ್ರಯತ್ನ ಇದೇ ಮೊದಲಲ್ಲ. 1991ರಲ್ಲಿ ಫಿಲ್ ಜಿಮ್ಮರ್‌ಮನ್ 'ಪಿಜಿಪಿ' ಅನ್ನೋ ಗೂಢಲಿಪಿ ತಂತ್ರಾಂಶ ಬಿಡುಗಡೆ ಮಾಡಿದರು. ಈ ಕೀ ನಿಜವಾಗಿಯೂ ಇವರದ್ದೇ ಅಂತ ಪರಿಚಯಸ್ಥರು ಸಹಿ ಹಾಕೋ ಪದ್ಧತಿ ಅದರ ಸುತ್ತ ಬೆಳೆಯಿತು. ಅದನ್ನ 'ನಂಬಿಕೆಯ ಜಾಲ' ಅಂದರು. ಆ ಸಹಿಗಳನ್ನ ಇಟ್ಟುಕೊಳ್ಳೋ ಸರ್ವರ್‌ಗಳಲ್ಲಿ ಒಂದು ನಿಯಮ: ಸೇರಿಸಬಹುದು, ಅಳಿಸೋಕಾಗಲ್ಲ. ಸರ್ಕಾರಗಳ ಒತ್ತಡಕ್ಕೆ ಬಗ್ಗದಿರಲಿ ಅಂತ ಹಾಗೆ ಮಾಡಿದ್ದು.

2019ರ ಜೂನ್‌ನಲ್ಲಿ ಯಾರೋ ಆ ನಿಯಮವನ್ನೇ ಅಸ್ತ್ರ ಮಾಡಿಕೊಂಡರು. ಆ ಸಮುದಾಯದ ಇಬ್ಬರು ಹಿರಿಯರ ಕೀಗಳಿಗೆ ಸುಳ್ಳು ಸಹಿಗಳನ್ನ ರಾಶಿ ರಾಶಿ ಸುರಿದರು. ಒಂದು ಕೀಗೆ ಸುಮಾರು 1,50,000 ಸಹಿ. ಅದನ್ನ ತೆರೆಯೋಕೆ ಹೋದ ತಂತ್ರಾಂಶವೇ ಕೈಕೊಟ್ಟಿತು. ಅಳಿಸೋಕಾಗದ ಲೆಡ್ಜರ್, ಯಾರು ಬೇಕಾದರೂ ಯಾರಿಗೆ ಬೇಕಾದರೂ ಹಾಕಬಹುದಾದ ಸಹಿ, ಸಹಿಗೆ ಖರ್ಚು ಸೊನ್ನೆ. ಈ ಮೂರೂ ಸೇರಿದರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಇದಕ್ಕೆ ಮದ್ದೂ ಮೊದಲೇ ಇತ್ತು. 1999ರಲ್ಲಿ ರಾಫ್ ಲೆವಿಯನ್ 'ಅಡ್ವೊಗಾಟೊ' ಅನ್ನೋ ತಾಣ ಶುರು ಮಾಡಿದರು. ಅಲ್ಲಿ ಮುಕ್ತ ತಂತ್ರಾಂಶ ಬರೆಯೋರು ಒಬ್ಬರನ್ನೊಬ್ಬರು ಶಿಷ್ಯ, ಪಳಗಿದವ, ಗುರು ಅಂತ ಮೂರು ದರ್ಜೆಯಲ್ಲಿ ದೃಢೀಕರಿಸುತ್ತಿದ್ದರು. ಜಾಣ್ಮೆ ಲೆಕ್ಕದಲ್ಲಿತ್ತು. ಎಲ್ಲರ ಮತಕ್ಕೂ ಒಂದೇ ತೂಕ ಇಲ್ಲ. ನಂಬಿಕೆ ಮೊದಲು ಕೆಲವೇ ಪರಿಚಿತರಿಂದ ಹೊರಡುತ್ತೆ, ಕಾಲುವೆ ನೀರಿನ ಹಾಗೆ ಅವರು ಖಾತರಿ ಕೊಟ್ಟವರ ಕಡೆ ಹರಿಯುತ್ತೆ, ಅಲ್ಲಿಂದ ಮುಂದಕ್ಕೆ. ಸಾವಿರ ಸುಳ್ಳು ಖಾತೆಗಳು ಒಂದಕ್ಕೊಂದು ಬೆನ್ನು ತಟ್ಟಿಕೊಂಡರೂ, ಒಳಗಿನ ಒಬ್ಬ ನಿಜವಾದ ವ್ಯಕ್ತಿ ತೂಬು ತೆರೆಯದಿದ್ದರೆ ಅಲ್ಲಿಗೆ ನೀರು ಹೋಗಲ್ಲ. 2003ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಕಡತ ಹಂಚಿಕೆ ಜಾಲಗಳಿಗಾಗಿ ಇದಕ್ಕೆ ಹತ್ತಿರದ 'ಐಗನ್‌ಟ್ರಸ್ಟ್' ಲೆಕ್ಕ ಮಾಡಿದರು.

ಆಪ್ಟಿಮಿಸಂ ಕೊನೆಗೆ ಇದೇ ದಾರಿಗೆ ಬಂತು. 2024ರ ನಾಲ್ಕನೇ ಸುತ್ತಿನಲ್ಲಿ ತೀರ್ಪುಗಾರರು ಯೋಜನೆಗಳಿಗೆ ನೇರವಾಗಿ ಮತ ಹಾಕಲಿಲ್ಲ. ಯಾವ ಅಳತೆಗೋಲಿಗೆ ಎಷ್ಟು ತೂಕ ಅಂತ ಮಾತ್ರ ಹೇಳಿದರು. ಎಷ್ಟು ವಹಿವಾಟು, ಎಷ್ಟು ಬಳಕೆದಾರರು, ಅವರಲ್ಲಿ 'ನಂಬಬಹುದಾದ' ಬಳಕೆದಾರರು ಎಷ್ಟು ಅನ್ನೋ ಲೆಕ್ಕಗಳು. 2025ರಲ್ಲಿ ಡೆವಲಪರ್ ಉಪಕರಣಗಳಿಗೆ ಹಣ ಹಂಚುವಾಗ ಐಗನ್‌ಟ್ರಸ್ಟ್ ಮಾದರಿಯ ಲೆಕ್ಕವನ್ನೇ ಬಳಸಿದರು. ಯಾರ ಕೋಡ್ ಯಾರು ಬಳಸ್ತಿದ್ದಾರೆ ಅನ್ನೋದೇ ಅಲ್ಲಿ ಶಿಫಾರಸು. ಬಾಯಿಮಾತಿನ ಹೊಗಳಿಕೆಗಿಂತ ಇದು ವಾಸಿ. ಆದರೆ ಚಾರ್ಲ್ಸ್ ಗುಡ್‌ಹಾರ್ಟ್ ಅನ್ನೋ ಅರ್ಥಶಾಸ್ತ್ರಜ್ಞ 1975ರಲ್ಲೇ ಎಚ್ಚರಿಸಿದ್ದು ಇಲ್ಲೂ ಅನ್ವಯ ಆಗುತ್ತೆ. ಅಳತೆಯೇ ಗುರಿ ಆದಾಗ ಆ ಅಳತೆ ಕೆಡುತ್ತೆ. ವಹಿವಾಟು ಎಣಿಸ್ತೀವಿ ಅಂದ್ರೆ ಜನ ವಹಿವಾಟನ್ನೇ ಹುಟ್ಟಿಸ್ತಾರೆ.

ಹಿಂಬರಹಕ್ಕೆ ಯಾಕೆ ಬೆಲೆ ಇತ್ತು

ಬಿ.ಕಾಂ ಓದಿದ ನನಗೆ ಇದನ್ನೆಲ್ಲ ಓದುವಾಗ ಒಂದು ಹಳೇ ಕಾಯ್ದೆ ನೆನಪಾಗುತ್ತೆ: 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್. ಚೆಕ್ ಬೌನ್ಸ್ ಕೇಸ್ ಅಂದ್ರೆ ಎಲ್ಲರಿಗೂ ಗೊತ್ತಿರೋ ಕಾಯ್ದೆ. ಹುಂಡಿಯನ್ನೋ ಚೆಕ್ಕನ್ನೋ ಇನ್ನೊಬ್ಬರಿಗೆ ವರ್ಗಾಯಿಸುವಾಗ ಹಿಂದೆ ಸಹಿ ಹಾಕ್ತಾರಲ್ಲ, ಅದಕ್ಕೆ ಎಂಡಾರ್ಸ್‌ಮೆಂಟ್, ಕನ್ನಡದಲ್ಲಿ ಹಿಂಬರಹ ಅಂತಾರೆ. ಆ ಕಾಯ್ದೆಯ 35ನೇ ಸೆಕ್ಷನ್ ಏನು ಹೇಳುತ್ತೆ ಗೊತ್ತಾ? ಬೇರೆ ಒಪ್ಪಂದ ಇಲ್ಲದಿದ್ದರೆ, ದುಡ್ಡು ಕೊಡಬೇಕಾದವನು ಕೈ ಎತ್ತಿದಾಗ ಹಿಂಬರಹ ಮಾಡಿದವನೂ ಹೊಣೆ. ಅಂದ್ರೆ ಸಹಿ ಹೆಚ್ಚಾದಷ್ಟೂ ಕಾಗದದ ಬೆಲೆ ಹೆಚ್ಚುತ್ತಿತ್ತು, ಯಾಕಂದ್ರೆ ಪ್ರತಿ ಸಹಿಯ ಹಿಂದೆಯೂ ಒಂದು ಜೇಬು ಇರುತ್ತಿತ್ತು. ಹೊಣೆ ಬೇಡ ಅನ್ನೋರಿಗೆ 52ನೇ ಸೆಕ್ಷನ್‌ನಲ್ಲಿ ದಾರಿ ಇದೆ. 'ನನ್ನ ಹೊಣೆ ಇಲ್ಲ' ಅಂತ ಬರೆದೇ ಸಹಿ ಹಾಕಬೇಕು. ಅಂಥ ಸಹಿಗೆ ಪೇಟೆಯಲ್ಲಿ ಎಷ್ಟು ಮರ್ಯಾದೆ ಅಂತ ನೀವೇ ಊಹಿಸಿ.

ಇವತ್ತಿನ ಬ್ಲಾಕ್‌ಚೈನ್ ಶಿಫಾರಸುಗಳಲ್ಲಿ ಹೆಚ್ಚಿನವು ಈ 52ನೇ ಸೆಕ್ಷನ್ ಥರದ ಸಹಿಗಳೇ. ತಪ್ಪಾದರೆ ಸಹಿ ಹಾಕಿದವರಿಗೆ ಏನೂ ಆಗಲ್ಲ.

ನಮ್ಮ ದೇಶದಲ್ಲೇ ಇದಕ್ಕೆ ವಿರುದ್ಧ ತುದಿಯ ಉದಾಹರಣೆಗಳಿವೆ. 2015ರಿಂದ 2018ರವರೆಗೆ ರಾಜಸ್ಥಾನದ ಭಿಲ್ವಾರಾ ಜಿಲ್ಲೆಯಲ್ಲಿ 'ಎಜುಕೇಟ್ ಗರ್ಲ್ಸ್' ಸಂಸ್ಥೆ ಹೆಣ್ಣುಮಕ್ಕಳನ್ನ ಶಾಲೆಗೆ ಸೇರಿಸೋ, ಮಕ್ಕಳ ಕಲಿಕೆ ಸುಧಾರಿಸೋ ಕೆಲಸ ಮಾಡಿತು. ದುಡ್ಡು ಮೊದಲು ಹಾಕಿದ್ದು ಯುಬಿಎಸ್ ಆಪ್ಟಿಮಸ್ ಫೌಂಡೇಶನ್. ಫಲಿತಾಂಶ ಬಂದರೆ ಮಾತ್ರ ಇನ್ನೊಂದು ಸಂಸ್ಥೆ ಅದನ್ನ ಬಡ್ಡಿ ಸಮೇತ ವಾಪಸ್ ಕೊಡಬೇಕು ಅನ್ನೋ ಒಪ್ಪಂದ. ಫಲಿತಾಂಶ ಅಳೆದದ್ದು ಮೂರನೆಯವರು, 'ಐಡಿಇನ್‌ಸೈಟ್' ಅನ್ನೋ ಸಂಸ್ಥೆ. ಕಲಿಕೆ ಅಳೆಯೋಕೆ ಹಳ್ಳಿಗಳನ್ನ ಎರಡು ಗುಂಪು ಮಾಡಿ ಹೋಲಿಸಿದರು. ಕಲಿಕೆಯಲ್ಲಿ ಗುರಿಯ ಶೇ 160, ದಾಖಲಾತಿಯಲ್ಲಿ ಶೇ 116 ಸಾಧನೆ ಆಯಿತು. ಇಲ್ಲಿ ಯಾರ ಹೊಗಳಿಕೆಯೂ ಬೇಕಾಗಲಿಲ್ಲ. ಆದರೆ ಹೀಗೆ ಅಳೆಯೋಕೆ ವರ್ಷಗಳು ಬೇಕು, ಖರ್ಚು ಬೇಕು. ಪ್ರತಿ ಸಣ್ಣ ಕೆಲಸಕ್ಕೂ ಇದನ್ನ ಮಾಡೋಕಾಗಲ್ಲ.

ಮಧ್ಯದ ದಾರಿ ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್. ಸೆಬಿ 2022ರಲ್ಲಿ ಇದಕ್ಕೆ ನಿಯಮ ಮಾಡಿತು. 2023ರ ಡಿಸೆಂಬರ್‌ನಲ್ಲಿ ಎನ್‌ಎಸ್‌ಇಯ ಈ ವಿಭಾಗದಲ್ಲಿ ಮೊದಲು ಲಿಸ್ಟ್ ಆದದ್ದು ನಮ್ಮ ಬೆಂಗಳೂರಿನ ಉನ್ನತಿ ಫೌಂಡೇಶನ್. ಇಲ್ಲಿ ಸಂಸ್ಥೆ ಪ್ರತಿ ವರ್ಷ ತನ್ನ ಕೆಲಸದ ಪರಿಣಾಮದ ವರದಿ ಕೊಡಬೇಕು, ಅದನ್ನ ಸೋಷಿಯಲ್ ಇಂಪ್ಯಾಕ್ಟ್ ಅಸೆಸರ್ ಪರಿಶೀಲಿಸಬೇಕು. ಆ ಅಸೆಸರ್ ಪರೀಕ್ಷೆ ಬರೆದು ನೋಂದಣಿ ಪಡೆದಿರಬೇಕು. ಸುಳ್ಳು ವರದಿಗೆ ಸಹಿ ಹಾಕಿದರೆ ಕಳೆದುಕೊಳ್ಳೋಕೆ ಅವರಿಗೆ ಏನಾದರೂ ಇದೆ. ಹಿಂಬರಹದ ಗುಣ ಅದು.

ವಾಲೆಟ್ ಇಲ್ಲದವರ ಮಾತು

ಕನ್ನಡದ ಮಟ್ಟಿಗೆ ನನ್ನ ಚಿಂತೆ ಬೇರೆ. 'ಅಲರ್' ಅನ್ನೋ ಕನ್ನಡ–ಇಂಗ್ಲಿಷ್ ನಿಘಂಟು ನಿಮ್ಮಲ್ಲಿ ಹಲವರು ಬಳಸಿರ್ತೀರಿ. ವಿ. ಕೃಷ್ಣ ಅವರು ದಶಕಗಟ್ಟಲೆ ಒಬ್ಬರೇ ಕೂತು ಒಂದೂವರೆ ಲಕ್ಷದಷ್ಟು ಪದಗಳನ್ನ ಕಟ್ಟಿದ್ದು ಅದು. 2019ರಲ್ಲಿ ಎಲ್ಲರೂ ಬಳಸಬಹುದಾದ ಮುಕ್ತ ಪರವಾನಗಿಯಲ್ಲಿ ಅಂತರ್ಜಾಲಕ್ಕೆ ಬಂತು. ಸಾರ್ವಜನಿಕ ಸರಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಕನ್ನಡದಲ್ಲಿ ಸಿಗಲ್ಲ.

ಈಗ ಯೋಚನೆ ಮಾಡಿ. ಇದರ ಪರಿಣಾಮವನ್ನ ಬ್ಲಾಕ್‌ಚೈನ್ ಶಿಫಾರಸು ಎಣಿಸಿ ಅಳೆದರೆ ಎಷ್ಟು ಬರುತ್ತೆ? ಬಳಸೋರು ಮೇಷ್ಟ್ರು, ಅನುವಾದಕರು, ಪತ್ರಿಕೆಯವರು, ಪಿಯುಸಿ ಮಕ್ಕಳು. ಅವರಲ್ಲಿ ಎಷ್ಟು ಜನರ ಹತ್ರ ಕ್ರಿಪ್ಟೋ ವಾಲೆಟ್ ಇದೆ? ಉಪಯೋಗ ದೊಡ್ಡದು, ಲೆಡ್ಜರ್‌ನಲ್ಲಿ ಅಂಕಿ ಸಣ್ಣದು. ನಂಬಿಕೆಯ ಕಾಲುವೆ ಹೊರಡೋದು ಮೊದಲೇ ಆರಿಸಿದ ಕೆಲವರಿಂದ ಅಂದೆನಲ್ಲ, ಆ ಕೆಲವರಿಗೆ ಕನ್ನಡ ಬರದಿದ್ದರೆ ನೀರು ಈ ಕಡೆ ಬರೋದೇ ಇಲ್ಲ. ಸುಳ್ಳು ಸಾಕ್ಷಿ ತಡೆಯೋ ಬೇಲಿಯೇ ನಿಜವಾದ ಸಾಕ್ಷಿಯನ್ನೂ ಹೊರಗಿಡುತ್ತೆ.

ಇದು ದೂರದ ಮಾತು ಅಂದುಕೊಳ್ಳಬೇಡಿ. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಜೆರೋಧಾ ಕಂಪನಿ 'ಫ್ಲಾಸ್ ಫಂಡ್' ಘೋಷಿಸಿತು. ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ. ಅಲ್ಲಿ ಬ್ಲಾಕ್‌ಚೈನ್ ಇಲ್ಲ, ಟೋಕನ್ ಇಲ್ಲ. ತಮಗೆಷ್ಟು ಹಣ ಬೇಕು, ಯಾಕೆ ಬೇಕು ಅಂತ ಯೋಜನೆಯವರು ತಮ್ಮದೇ ತಾಣದಲ್ಲಿ ಒಂದು ನಿಗದಿತ ಮಾದರಿಯ ಕಡತದಲ್ಲಿ ಬರೆದಿಡಬೇಕು, ಆಯ್ಕೆ ಮನುಷ್ಯರೇ ಮಾಡ್ತಾರೆ. ದುಡ್ಡು ಕೊಡೋರು ನಮ್ಮ ಊರಲ್ಲೇ ಇದ್ದಾರೆ, ಕೆಲಸ ಮಾಡೋರೂ ಇದ್ದಾರೆ. ಹಾಗಾಗಿ ಅಳೆಯೋದು ಹೇಗೆ ಅನ್ನೋದು ನಮ್ಮ ಪ್ರಶ್ನೆಯೂ ಹೌದು.

ಹೊಗಳಿದವರನ್ನೂ ಅಳೆಯಿರಿ

ಹಾಗಾದ್ರೆ ಬ್ಲಾಕ್‌ಚೈನ್‌ನಿಂದ ಏನೂ ಪ್ರಯೋಜನ ಇಲ್ವಾ? ಇದೆ, ಆದರೆ ಜನ ಹುಡುಕುತ್ತಿರೋ ಕಡೆ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಎಷ್ಟು ಶಿಫಾರಸು ಬಂತು ಅಂತ ಎಣಿಸಿ ಯೋಜನೆಗೆ ಅಂಕ ಕೊಡೋದು ಅದರ ದುರ್ಬಲ ಉಪಯೋಗ. ಬಲವಾದ ಉಪಯೋಗ ನೆನಪು. ಯಾರು, ಯಾವಾಗ, ಯಾವುದನ್ನ ಒಳ್ಳೆಯದು ಅಂದರು ಅನ್ನೋದು ಅಲ್ಲಿ ಅಳಿಯದೆ ಉಳಿಯುತ್ತೆ. ಐದು ವರ್ಷ ಬಿಟ್ಟು ತಿರುಗಿ ನೋಡಬಹುದು. ಇವರು ಖಾತರಿ ಕೊಟ್ಟ ಹತ್ತು ಕೆಲಸದಲ್ಲಿ ಎಷ್ಟು ಬಾಳಿದವು? ಯಾರೂ ಗಮನಿಸದ ಕಾಲದಲ್ಲಿ ಒಂದು ಸಣ್ಣ ಕೆಲಸವನ್ನ ಗುರುತಿಸಿದವರು ಯಾರು? ತಪ್ಪು ಗೊತ್ತಾದಮೇಲೆ ತಮ್ಮ ಸಹಿ ಹಿಂಪಡೆದವರು ಯಾರು, ಸುಮ್ಮನೆ ಕೂತವರು ಯಾರು?

ಹಾಗೆ ಮಾಡಿದರೆ ಹೊಗಳಿಕೆಗೆ ಒಂದು ಹೊಣೆ ಹುಟ್ಟುತ್ತೆ. ಜೇಬಿನಿಂದ ದುಡ್ಡು ಹೋಗದಿದ್ದರೂ ಮಾತಿನ ತೂಕ ಹೋಗುತ್ತೆ. ಹ್ಯಾರಿಸನ್‌ನ ತೀರ್ಪುಗಾರರಿಗೆ ಅಂಥ ಭಯ ಇರಲಿಲ್ಲ. ಒಂದೂವರೆ ಲಕ್ಷ ಸುಳ್ಳು ಸಹಿ ಸುರಿದವರಿಗೂ ಇರಲಿಲ್ಲ. ಜೊತೆಗೆ ವಾಲೆಟ್ ಇಲ್ಲದ ಬಳಕೆದಾರರ ಹತ್ರ ಹೋಗಿ, ಮಾತಾಡಿ, ಅವರ ಮಾತನ್ನ ತಮ್ಮ ಹೆಸರಿನ ಹೊಣೆಯಲ್ಲಿ ದಾಖಲಿಸೋ ಮನುಷ್ಯರು ಬೇಕು. ಆ ಕೆಲಸಕ್ಕೂ ಸಂಬಳ ಬೇಕು. ಅಳೆಯೋದು ಉಚಿತವಾಗಿ ಆಗಬೇಕು ಅನ್ನೋ ಆಸೆಯೇ ಸುಳ್ಳು ಸಹಿಗಳಿಗೆ ಬಾಗಿಲು ತೆರೆಯೋದು.

ಮುಂದೆ ಯಾರಾದರೂ 'ನಮ್ಮ ಯೋಜನೆಗೆ ಇಷ್ಟು ಸಾವಿರ ಶಿಫಾರಸು ಬಂದಿದೆ, ಎಲ್ಲ ಬ್ಲಾಕ್‌ಚೈನ್ ಮೇಲಿದೆ' ಅಂದ್ರೆ ಮೂರು ಪ್ರಶ್ನೆ ಕೇಳಿ. ಹೇಳಿದವರು ಯಾರು? ಅವರು ಅದನ್ನ ನಿಜವಾಗಿ ಬಳಸಿದ್ದಾರಾ? ಹೇಳಿದ್ದು ಸುಳ್ಳಾದರೆ ಅವರು ಏನು ಕಳೆದುಕೊಳ್ತಾರೆ? ಮೊದಲನೇ ಪ್ರಶ್ನೆಗೆ ಅರ್ಧ ಉತ್ತರ ಲೆಡ್ಜರ್‌ನಲ್ಲಿರುತ್ತೆ. ಮಿಕ್ಕಿದ್ದಕ್ಕೆ ಅವರ ಹತ್ರವೇ ಉತ್ತರ ಕೇಳಿ.

ಇವತ್ತಿಗೆ ಇಷ್ಟು. ನಿಮ್ಮ ಗಮನಕ್ಕೆ ಬಂದಿರೋ, ಯಾರೂ ದುಡ್ಡು ಕೊಡದ, ಆದರೆ ಎಲ್ಲರೂ ಬಳಸೋ ಒಂದು ಕನ್ನಡದ ಕೆಲಸ ಯಾವುದು ಅಂತ ನಮಗೆ ತಿಳಿಸಿ. ಬಳಸಿದ್ದರೆ ಮಾತ್ರ ಬರೆಯಿರಿ, ಹೆಸರು ಹಾಕಿ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.